ಆನ್‌ಲೈನ್ ಕ್ಲಾಸಿಗೆ ತಂಗಿ ಎತ್ತು ತಂದಿದ್ದು

ನಮ್ಮ ಬಿ.ಕಾಂ. ಕಾಲೇಜು ನನ್ನ ಫೋನಿನೊಳಗ ಅದ. ಖೂಬಾ ಪ್ಲಾಟ್ ಓಣ್ಯಾಗಿನ ನಮ್ಮ ಮಾಳಗಿ ಮ್ಯಾಲೆ ಕುಂತ್ರ ಪಾಠ ಕೇಳಸ್ತದ, ಕೆಳಗ ಇಳದ್ರ ಸರ್ ಬಾಯಿ ತೆರದು ಹಂಗೇ ನಿಂತಬಿಡ್ತಾರ. ಒಮ್ಮೆ ಅವರು ಹಂಗ ನಿಂತಾಗ ನಾ ಊಟ ಮಾಡಿ, ಕೈ ತೊಳಕೊಂಡು, ಒಂದು ನಿದ್ದಿ ತೆಗದು ಬಂದೀನಿ.

ಆ ಸರ್ ಒಂದಿನ ಹೇಳಿದ್ರು, "ಸಂತಿಯೊಳಗ ಬೆಲಿ ಹ್ಯಾಂಗ ಕುದುರ್ತದ, ಅದನ್ನ ಕತಿ ಮಾಡಿ ರೆಕಾರ್ಡ್ ಕಳಸ್ರಿ. ಕೇಳೋರು ಹೊರಗ ನಿಂತು ನೋಡಬಾರ್ದು, ಕತಿ ಒಳಗೇ ಇರಬೇಕು. ಚೊಲೋ ಆದವರ ದನಿ ಮುಂದಿನ ವರ್ಷದ ಪಾಠದಾಗ ಹಾಕ್ತೀವಿ."

ನಾ ಅವತ್ತೇ ಓಣಿ ತುಂಬ ಹೇಳಿ ಬಂದೆ, ಆ ದನಿ ನಂದೇ ಅಂತ. ಇಸ್ತ್ರಿ ಅಂಗಡಿ ಚಾಚಾ ಸೈತ "ಮುಬಾರಕ್ ಬೇಟಾ" ಅಂದುಬಿಟ್ರು.

ನನ್ನ ಕತಿಗೆ ನಾನೇ ಹೀರೋ. ಹೆಲಿಕಾಪ್ಟರ್ ಇಳೀತದ, ನಾ ಇಳೀತೀನಿ, ನನ್ನ ಕಣ್ಣ ನೋಡಿ ಬೆಲಿನೂ ಇಳೀತದ. ಹಿಂದ ಗುಡುಗು, ನಗಾರಿ, ಒಂದು ಹುಲಿ. ಸಂತಿಯೊಳಗ ಹುಲಿ ಯಾಕ ಅಂತ ಕೇಳಬ್ಯಾಡ್ರಿ, ಸೌಂಡ್ ಫ್ರೀ ಇತ್ತು.

ಕಮಲಾಪುರದಾಗ ನಮ್ಮ ಕಾಕಾನ ಮಗಳು ಅದಾಳ, ನನಗಿಂತ ಸಣ್ಣಕಿ. ಅಕಿದೂ ಇದೇ ಕೋರ್ಸು. ಕಾಕಾ ಎತ್ತಿನ ದಲ್ಲಾಳಿ. ಎತ್ತಿನ ಬೆಲಿ ಬಾಯಿಲೆ ಹೇಳೋದಿಲ್ಲ. ಕೈ ಮ್ಯಾಲೆ ಟವೆಲ್ ಹಾಕಿ, ಒಳಗ ಬಟ್ಟ ಹಿಡದು, ಎಷ್ಟು ಬೆರಳೋ ಅಷ್ಟು ಬೆಲಿ ಅಂತ ತಿಳಸ್ತಾರ. ಸುತ್ತ ನಿಂತೋರಿಗೆ ಏನೂ ಗೊತ್ತಾಗಂಗಿಲ್ಲ.

ಅಕಿ ಕ್ಲಾಸಿನ ಗ್ರೂಪಿಗೆ ಹಾಕಿದ ಕತಿನ, ತಪ್ಪು ಹುಡಕಾಕ ಅಂತ ಕೇಳಿದೆ. ಹುಲಿ ಇಲ್ಲ, ನಗಾರಿ ಇಲ್ಲ. ಮೆಲ್ಲಕ ಒಂದು ದನಿ: "ಒಂದು ಟವೆಲ್ ತಗೋರಿ. ಬಲಗೈ ಮ್ಯಾಲೆ ಹಾಕ್ಕೋರಿ. ಎತ್ತ ಮಾರೋನು ನಿಮ್ಮ ನಡು ಬಟ್ಟ ಹಿಡದಾನ. ಅವನ ಅಂಗೈ ಬೆವತದ. ಅವಗ ರೊಕ್ಕದ ಗರಜು ಅದನೋ, ನಾಟಕ ಮಾಡಾಕತ್ತಾನೋ? ಕೈ ಬಿಡ್ತೀರೋ, ಹಿಡೀತೀರೋ?"

ನನ್ನ ಕೈ ಯಾವಾಗ ಒಣಗಾಕ ಹಾಕಿದ್ದ ಟವೆಲ್ ಕೆಳಗ ಹೋತು, ದೇವರಾಣಿ ಗೊತ್ತಿಲ್ಲ. ಅವ್ವ ಬಟ್ಟಿ ಒಣಗಿಸಾಕ ಮ್ಯಾಲೆ ಬಂದಳು.

"ಏನೋ ಅದು?"

"ಎತ್ತ ಖರೀದಿ ಮಾಡಾಕತ್ತೀನಿ."

"ಮೊದಲ ಹಸಿ ಟವೆಲ್ ಕೊಡು, ಆಮ್ಯಾಲೆ ಎತ್ತ ಹೊಡಕೊಂಡ ಬಾ."

ಇಷ್ಟು ಸಾದಾ ವಿಚಾರ ನನಗ್ಯಾಕ ಹೊಳೀಲಿಲ್ಲ? ನಾನೂ ಅದೇ ಕಾಕಾನ ಹಿಂದ ಸಂತಿ ತಿರಗೀನಲ್ಲ.

ಕ್ಲಾಸಿನ್ಯಾಗ ಸರ್ ಅಕಿ ರೆಕಾರ್ಡ್ ಹಚ್ಚಿ ಕೇಳಿದ್ರು, "ಯಾರು ಕೈ ಬಿಟ್ರಿ?"

ದಿನಾ ಮೈಕ್ ಬಂದ್ ಮಾಡಿ ಕುಂಡ್ರೋರೆಲ್ಲ ಒಮ್ಮೇಲೆ ಮಾತಾಡಾಕ ಹತ್ತಿದ್ರು. ಬಿಟ್ಟೋರು, ಹಿಡದೋರು ಜಗಳಕ್ಕೇ ಬಿದ್ರು. ನಾ ಸುಮ್ಮ ಇರಬೇಕಿತ್ತು, ಆದ್ರ ಬಾಯಿ ಕೇಳ್ಲಿಲ್ಲ. "ಸರ್, ಅವ ಪಕ್ಕಾ ನಾಟಕ ಮಾಡ್ತಾನ್ರೀ. ನಾ ಬಟ್ಟ ಬಿಗಿಯಾಗಿ ಹಿಡದೆ, ಅವನೇ ಮೆತ್ತಗಾದ."

"ನೀನೂ ಒಳಗೇ ಇದ್ದಿ ಅನ್ನು," ಅಂದ್ರು ಸರ್. ಅಕಿ ದನಿನೇ ಆರಿಸಿದ್ರು. ನನ್ನ ಹುಲಿ ಬಗ್ಗೆ ಒಂದು ಮಾತಿಲ್ಲ.

ಅದರ ಮ್ಯಾಲೆ, ಪಾಠದ ರೆಕಾರ್ಡಿಗೆ ಆ ಎತ್ತ ಮಾರೋನ ದನಿ ಮಾಡಾಕ ಒಬ್ಬರು ಬೇಕಂತ. ಅಕಿ ನನಗ ಫೋನ್ ಹಚ್ಚಿದಳು. "ಅಣ್ಣಾ, ನೀನೇ ಬಾ. ಹಠ ಮಾಡೋದು ನಿನಗ ಚೊಲೋ ಬರ್ತದ."

ಬರಂಗಿಲ್ಲ ಅಂದು, ಮರುದಿನ ಮುಂಜಾನೆ ಕಮಲಾಪುರ ಬಸ್ಸಿನ್ಯಾಗ ಕುಂತಿದ್ದೆ.

ಅವರ ಮನಿ ಕಟ್ಟಿ ಮ್ಯಾಲೆ ಇಬ್ಬರ ಕೈ ಮ್ಯಾಲೂ ಕಾಕಾನ ಟವೆಲ್, ನಡುವ ಫೋನು. ಅಕಿ ಬರದಂಗ ಕೊನಿಗೆ ನಾ ಸೋತು "ಆತು, ಒಯ್ರಿ" ಅನ್ನಬೇಕು. ನಾ ಅನ್ಲಿಲ್ಲ. ಅಕಿ ನನ್ನ ಬಟ್ಟ ಹಿಂಡಿದಳು, ನಾನೂ ಹಿಂಡಿದೆ. ಮತ್ತ ಮೊದಲಿಂದ ರೆಕಾರ್ಡ್, ಮತ್ತ ಅಲ್ಲೇ ನಿಂತೆ.

"ಅಣ್ಣಾ, ಪಾಠ ಮುಗೀಬೇಕೋ ಬ್ಯಾಡೋ?"

"ಮುಗೀಲಿ. ಬೆಲಿ ಇಳಿಯಂಗಿಲ್ಲ."

ಬಾಗಲದಾಗ ನಿಂತ ಕಾಕಾ ಒಳಗ ಕೂಗಿ ಹೇಳಿದ, "ಇವರದು ಈಗಂತೂ ಮುಗಿಯಂಗಿಲ್ಲ, ಇಲ್ಲೇ ರೊಟ್ಟಿ ಕೊಡ್ರಿ." ಟವೆಲ್ ಕೆಳಗಿನ ಬಲಗೈ ಬಿಡಲಾರದ, ಇಬ್ಬರೂ ಎಡಗೈಲೆ ಉಂಡ್ವಿ.