ಒಂದು ಮಗ್ಗುಲು ಖಾಲಿ ಇರುವ ಹಾಳೆ

ಯಶವಂತಪುರದ ರೈಲು ನಿಲ್ದಾಣದ ಹಿಂದಿನ ಓಣಿಗೆ ಇನ್ನೂ ಬೆಳಕು ಸರಿಯಾಗಿ ಇಳಿದಿಲ್ಲ. ಗೂಡ್ಸ್ ಗಾಡಿಯೊಂದು ಹೊರಡಲೋ ಬೇಡವೋ ಎಂಬಂತೆ ಹೊಗೆ ಬಿಡುತ್ತ ನಿಂತಿದೆ. ಹೆಂಚಿನ ಮನೆಯೊಂದರ ಜಗಲಿಯ ಮೇಲೆ ಜಹೀರಾಬೀ ಆಗಲೇ ಕೆಲಸಕ್ಕೆ ಕೂತಾಗಿದೆ. ಎಡಗಡೆ ಹಳೆಯ ಪತ್ರಿಕೆಗಳ ರಾಶಿ, ಬಲಗಡೆ ಹುಣಸೆಬೀಜದ ಅಂಟು ತುಂಬಿದ ಕುಡಿಕೆ. ಹಾಳೆ ಎತ್ತುತ್ತಾರೆ, ಮಡಿಸುತ್ತಾರೆ, ಅಂಚಿಗೆ ಬೆರಳಿನಿಂದ ಅಂಟು ಸವರುತ್ತಾರೆ, ತಳ ಮಡಚಿ ಒತ್ತುತ್ತಾರೆ. ಒಂದು ಪೊಟ್ಟಣ ಆಯಿತು. ಅದು ನೆಲ ಮುಟ್ಟುವಷ್ಟರಲ್ಲಿ ಮುಂದಿನ ಹಾಳೆ ಕೈಯಲ್ಲಿರುತ್ತದೆ. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಎಂಟುನೂರು, ಸಂಜೆಯೊಳಗೆ ಸಾವಿರದ ಇನ್ನೂರು. ಮತ್ತಿಕೆರೆ, ಹೆಬ್ಬಾಳ, ಜಾಲಹಳ್ಳಿಯ ಅಂಗಡಿಗಳಲ್ಲಿ ಬೆಲ್ಲ, ಬೇಳೆ, ಧನಿಯ ಕಟ್ಟಿಸಿಕೊಂಡು ಹೋಗುವವರು ಯಾರೂ ಈ ಬೆರಳುಗಳನ್ನು ನೆನೆಯುವುದಿಲ್ಲ. ನೆನೆಯಬೇಕಾದ್ದೂ ಇಲ್ಲ ಎಂಬುದು ಜಹೀರಾಬೀ ಅವರ ಅಭಿಪ್ರಾಯ.

ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತು ನೋಡಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಗಾಣದ ಎತ್ತಿನಂತೆ ಒಂದೇ ಸಮ ಓಡುವ ಆ ಕೈ ಆಗಾಗ ನಿಲ್ಲುತ್ತದೆ. ಒಂದು ಹಾಳೆಯನ್ನು ಬೆಳಕಿಗೆ ಹಿಡಿದು, ಮಡಿಸದೆ, ಪಕ್ಕದ ಚಪ್ಪಡಿ ಕಲ್ಲಿನ ಕೆಳಗೆ ಸರಿಸುತ್ತದೆ. ಕಲ್ಲಿನ ಕೆಳಗೆ ಹೋಗುವುದು ಎರಡೇ ಜಾತಿಯ ಕಾಗದ: ಪತ್ರಿಕೆಯ ಸಂಪಾದಕೀಯ ಪುಟ, ಮತ್ತು ಒಂದು ಮಗ್ಗುಲು ಖಾಲಿ ಇರುವ ಹಾಳೆ. ಎರಡೂ ಸರ್ಕಾರಿ ಅಧಿಕಾರಿಗಳನ್ನು ಆರಿಸುವ ಸ್ಪರ್ಧಾ ಪರೀಕ್ಷೆಗೆ ಓದುವವರ ಪಾಲು. ಮೊದಲನೆಯದು ಓದುವುದಕ್ಕೆ, ಎರಡನೆಯದು ಬರೆಯುವುದಕ್ಕೆ.

ಸಂಪಾದಕೀಯ ಪುಟವನ್ನು ಹೇಗೆ ಗುರುತು ಹಿಡಿಯುತ್ತೀರಿ ಎಂದು ಕೇಳಿದರೆ ಅವರಿಗೆ ನಗು. "ಚಿತ್ರ ಇರಲ್ಲ. ಸೋಪಿನ ಜಾಹೀರಾತು ಇರಲ್ಲ. ಎಡಗಡೆ ಸಾಲು ಅಗಲ ಇರತ್ತೆ. ನೋಡಿದ್ರೇನೇ ಮುಖ ಗಂಟು ಹಾಕ್ಕೊಂಡಂಗೆ ಇರತ್ತೆ. ಅದನ್ನೇ ಆ ಮಕ್ಳು ಹುಡ್ಕೋದು."

ಜಹೀರಾಬೀಗೆ ಅಕ್ಷರ ಬರುವುದಿಲ್ಲ. ಕನ್ನಡವಾಗಲಿ ಉರ್ದುವಾಗಲಿ, ಕಪ್ಪು ಕಪ್ಪಾಗಿ ಕಾಣುವುದೆಲ್ಲ ಅವರಿಗೆ ಒಂದೇ. ಈಗ ಐವತ್ತೆರಡು ವಯಸ್ಸು. ಗಂಡ ಮೊಯಿನುದ್ದೀನ್ ಗೂಡ್ಸ್ ಷೆಡ್ಡಿನಲ್ಲಿ ಮೂಟೆ ಹೊರುತ್ತಿದ್ದವರು, ಹನ್ನೊಂದು ವರ್ಷದ ಕೆಳಗೆ ತೀರಿಕೊಂಡರು. ಆಗ ತಮ್ಮ ರಹಮತುಲ್ಲಾ ತನ್ನ ರದ್ದಿಯ ತಳ್ಳುಗಾಡಿಯನ್ನು ಅಕ್ಕನ ಬಾಗಿಲಿಗೆ ತಂದು ನಿಲ್ಲಿಸಿ, "ನಾನು ತರ್ತೀನಿ, ನೀನು ಅಂಟ್ಸು ಆಪಾ" ಎಂದನಂತೆ. ಅಂದಿನಿಂದ ತಮ್ಮ ಊರೂರು ಸುತ್ತಿ ತರುತ್ತಾನೆ, ಅಕ್ಕ ಅಂಟಿಸುತ್ತಾರೆ. ಅಂಟು ಸವರಿ ಸವರಿ ಬಲಗೈ ತೋರುಬೆರಳಿನ ಗೆರೆಗಳೆಲ್ಲ ಸವೆದುಹೋಗಿವೆ. ಮಳೆಗಾಲದಲ್ಲಿ ಪೊಟ್ಟಣ ಒಣಗುವುದಿಲ್ಲ, ಬೇಸಗೆಯಲ್ಲಿ ಅಂಟು ಹುಳಿಯುತ್ತದೆ. ಇದನ್ನೆಲ್ಲ ಅವರು ಕಷ್ಟ ಎಂದು ಹೇಳುವುದಿಲ್ಲ, ಕೇಳಿದ್ದಕ್ಕೆ ಹೇಳುತ್ತಾರೆ ಅಷ್ಟೆ.

ಓದುವವರು ಈ ಜಗಲಿಗೆ ಬರಲು ಶುರುವಾದದ್ದು ಆರು ವರ್ಷದ ಕೆಳಗೆ. ಹೆಬ್ಬಾಳದ ಕಡೆಯ ಯಾರೋ ಒಬ್ಬ ಪದವೀಧರ ಬೆಲ್ಲದ ಪೊಟ್ಟಣದ ಮೇಲೆ ಅರ್ಧ ಲೇಖನ ಓದಿ, ಉಳಿದರ್ಧ ಎಲ್ಲಿ ಎಂದು ಹುಡುಕಿಕೊಂಡು ಬಂದನಂತೆ. ಅವನಿಂದ ಸುದ್ದಿ ಹಬ್ಬಿತು. ಯಲಹಂಕದಿಂದ, ಅಮೃತಹಳ್ಳಿಯಿಂದ, ಜಾಲಹಳ್ಳಿಯಿಂದ ಒಬ್ಬೊಬ್ಬರಾಗಿ ಬಂದರು. ಜಹೀರಾಬೀ ಒಂದೇ ಒಂದು ಕಟ್ಟಳೆ ಮಾಡಿದರು: ಎಷ್ಟು ಹಾಳೆ ಒಯ್ಯುತ್ತೀರೋ ಅಷ್ಟು ತೂಕದ ರದ್ದಿಯನ್ನು ಮನೆಯಿಂದ ಹಿಂದಕ್ಕೆ ಕೊಡಬೇಕು. ರಹಮತುಲ್ಲಾನ ಗಾಡಿ ಊರಿಗೆ ಬಂದಾಗ ಕೊಟ್ಟರೂ ಸರಿ. ಇಲ್ಲದಿದ್ದರೆ ಪೊಟ್ಟಣಕ್ಕೆ ಕಾಗದ ಎಲ್ಲಿಂದ ಬರಬೇಕು? ಈ ನ್ಯಾಯವಾದ ಕಟ್ಟಳೆಯೇ ಮುಂದೆ ಒಂದು ಹುಡುಗಿಯ ಕುತ್ತಿಗೆಗೆ ಬರುತ್ತದೆಂದು ಯಾರಿಗೆ ಗೊತ್ತಿತ್ತು.

ಹುಡುಗಿಯ ಹೆಸರು ರಾಮಲಕ್ಷ್ಮಮ್ಮ. ಶೆಟ್ಟಿಹಳ್ಳಿಯವಳು. ತಂದೆ ಚಿಕ್ಕಬೈರಪ್ಪ ಹುರುಳಿಕಾಯಿ, ಹೂಕೋಸು ಬೆಳೆಯುವವರು. ಆ ಊರಿನಲ್ಲಿ ಬಿ.ಎ. ಮಾಡಿದ ಮೊದಲ ಹೆಣ್ಣುಮಗಳು, ಜಾಲಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಈ ಪರೀಕ್ಷೆ ವರ್ಷ ವರ್ಷವೂ ನಡೆಯುವುದಲ್ಲ. ಮುಂದಿನ ಸಲ ಕರೆಯುವಷ್ಟರಲ್ಲಿ ಅವಳಿಗೆ ವಯಸ್ಸು ಮೀರಿರುತ್ತದೆ. ಅಂದರೆ ಅವಳ ಪಾಲಿಗೆ ಇದ್ದದ್ದು ಒಂದೇ ಸಲ. ಹೊಸ ನೋಟ್‌ಬುಕ್ಕುಗಳ ಬದಲು ಜಹೀರಾಬೀ ಕೊಟ್ಟ ಹಾಳೆಗಳ ಖಾಲಿ ಮಗ್ಗುಲಿನಲ್ಲಿ ಎರಡು ವರ್ಷ ಕೂತು ಟಿಪ್ಪಣಿ ಬರೆದಿದ್ದಳು. ಇತಿಹಾಸ, ಭೂಗೋಳ, ಸಂವಿಧಾನ, ಅರ್ಥಶಾಸ್ತ್ರ ಎಲ್ಲ ಸೇರಿ ಇನ್ನೂರ ಹದಿನಾಲ್ಕು ಹಾಳೆ. ಇನ್ನೊಂದು ಮಗ್ಗುಲಿನಲ್ಲಿ ಯಾವುದೋ ಕಚೇರಿಯ ಹಳೆಯ ಸುತ್ತೋಲೆ, ಯಾವುದೋ ಮಗುವಿನ ತಪ್ಪು ತಪ್ಪು ಲೆಕ್ಕ.

ಕಳೆದ ವರ್ಷ, ಸಾವಿರದ ಒಂಬೈನೂರ ಅರವತ್ತನಾಲ್ಕರ ಯುಗಾದಿಗೆ ಮನೆಗೆ ಸುಣ್ಣ ಬಳಿಯಲು ಅಟ್ಟ ಖಾಲಿ ಮಾಡಿದರು. ಮಗಳು ಶಾಲೆಗೆ ಹೋಗಿದ್ದಾಗ ರಹಮತುಲ್ಲಾನ ಗಾಡಿ ಬಂತು. ತಾಯಿ ಮುನಿಕೃಷ್ಣಮ್ಮನಿಗೆ ಮಗಳ ಮಾತು ನೆನಪಿತ್ತು: ತಂದಷ್ಟು ಹಾಳೆಗೆ ರದ್ದಿ ತೀರಿಸಬೇಕು. ಅಟ್ಟದಿಂದ ಇಳಿಸಿದ ಒಂದು ಕಟ್ಟು ಸುತ್ತೋಲೆಯ ಮಗ್ಗುಲು ಮೇಲಾಗಿ ಕೂತಿತ್ತು. ಅದೇ ಮಗಳ ಟಿಪ್ಪಣಿಯ ಕಟ್ಟೆಂದು ತಿಳಿಯದೆ ಎತ್ತಿ ಕೊಟ್ಟೇಬಿಟ್ಟರು. ಪರೀಕ್ಷೆಗೆ ಆಗ ಉಳಿದದ್ದು ಹದಿನೆಂಟು ದಿನ.

ಸುಣ್ಣದ ಗದ್ದಲ ಮುಗಿದು ಮಗಳು ಕಟ್ಟು ಹುಡುಕಿದಾಗಲೇ ವಿಷಯ ಗೊತ್ತಾದದ್ದು. ಮೂರನೆಯ ಬೆಳಿಗ್ಗೆ ತಾಯಿ ಮಗಳು ಇಬ್ಬರೂ ಶೆಟ್ಟಿಹಳ್ಳಿಯಿಂದ ನಡೆದುಕೊಂಡು ಈ ಜಗಲಿಗೆ ಬಂದರು. ತಾಯಿ ಸೆರಗು ಹಿಂಡುತ್ತ ಹೇಳುತ್ತಲೇ ಇದ್ದರು: "ಅಳೇ ಇಸ್ಕೂಲ್ ಕಾಗ್ದ ಅಂದ್ಕೊಂಡ್ನಮ್ಮಾ. ನಿಮ್ಗೆ ರುಣ ಉಳಿಸ್ಕೋಬಾರ್ದು ಅಂತ ಕೊಟ್ಟೆ ಬೀಬಮ್ಮ. ನನ್ ಮಗಳ ಬಾಳನ್ನ ನಾನೇ ತೂಕಕ್ಕೆ ಆಕ್ಬಿಟ್ನಲ್ಲಾ."

ಆ ಕಟ್ಟು ಜಹೀರಾಬೀಗೆ ಚೆನ್ನಾಗಿ ನೆನಪಿತ್ತು. ದಪ್ಪ ಕಾಗದ, ಕಾಲು ಕಿಲೋ ಪೊಟ್ಟಣಕ್ಕೆ ಹೇಳಿ ಮಾಡಿಸಿದ್ದು. ಎರಡು ದಿನದಲ್ಲಿ ಅಷ್ಟನ್ನೂ ಅಂಟಿಸಿ ಅಂಗಡಿಗಳಿಗೆ ಕಳಿಸಿಯೂ ಆಗಿತ್ತು. "ಅಂಟ್ಸೋವಾಗ ಕೈ ಒಂದ್ಸಲ ನಿಂತಿತ್ತು. ಈ ಹಾಳೆ ನಾನೇ ಯಾರಿಗೋ ಕೊಟ್ಟಿದ್ನಲ್ಲಾ ಅನ್ನಿಸ್ತು. ಕೈಗೆ ಗೊತ್ತಾಯ್ತು, ತಲೆಗೆ ಗೊತ್ತಾಗ್ಲಿಲ್ಲ" ಎನ್ನುವಾಗ ಅವರ ದನಿ ಈಗಲೂ ಇಳಿಯುತ್ತದೆ. ತಾಯಿಯದು ತಪ್ಪೋ, ತಮ್ಮದು ತಪ್ಪೋ ಎಂಬ ಚರ್ಚೆಗೆ ಅವರು ಹೋಗಲಿಲ್ಲ. ತಲೆಯ ಮೇಲೆ ದುಪಟ್ಟಾ ಎಳೆದುಕೊಂಡು, ಹೊಸ ಪೊಟ್ಟಣಗಳ ಮೂರು ಕಟ್ಟು ಕಂಕುಳಿಗೆ ಸೇರಿಸಿ, "ನಡಿ ಬೇಟಿ" ಎಂದರು.

ಅಂದು ಅವರು ಸುತ್ತಿದ್ದು ಹನ್ನೊಂದು ಅಂಗಡಿ. ಪ್ರತಿ ಅಂಗಡಿಯಲ್ಲೂ ತೂಗುಹಾಕಿದ ಪೊಟ್ಟಣದ ಕಟ್ಟು ಇಳಿಸಿ, ಹುಡುಗಿ ಒಳಗೆ ಕಣ್ಣಿಟ್ಟು ಓದಿ ನೋಡುವ ಮೊದಲೇ ಜಹೀರಾಬೀ ಅವಳ ಬರಹವನ್ನು ಬೇರೆ ತೆಗೆದಿಟ್ಟಿರುತ್ತಿದ್ದರು. ಸಂತೆಯಲ್ಲಿ ನಮ್ಮವರ ಮುಖ ಗುರುತು ಸಿಗುವುದಿಲ್ಲವೇ, ಹಾಗೆ. ಅವಳ ಬರಹ ಎಡಕ್ಕೆ ಒಂಚೂರು ವಾಲುತ್ತದೆ, ಸಾಲಿನ ಕೊನೆಯಲ್ಲಿ ಒಂದು ಬಾಲ ಎಳೆಯುತ್ತದೆ ಎಂದು ಅವಳಿಗೇ ಗೊತ್ತಿರಲಿಲ್ಲ. ಹಿಂದಕ್ಕೆ ಪಡೆದ ಪ್ರತಿ ಪೊಟ್ಟಣಕ್ಕೂ ಒಂದು ಹೊಸ ಪೊಟ್ಟಣ ಕೊಟ್ಟರು. ಮತ್ತಿಕೆರೆಯ ಅಂಗಡಿಯ ಚಿಕ್ಕಮುನಿಯಪ್ಪ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಯಾರು ಯಾರಿಗೆ ಏನು ಕಟ್ಟಿಕೊಟ್ಟೆ ಎಂದು ನೆನೆಸಿಕೊಂಡು, ಮನೆ ಮನೆಗೆ ಹೋಗಿ, ಅಡುಗೆಮನೆಯ ಡಬ್ಬಿಗೆ ಮೆಣಸಿನಪುಡಿ ಸುರಿಸಿ ಪೊಟ್ಟಣ ಇಸಿದುಕೊಂಡು ಬಂದರು.

ಸಿಕ್ಕಿದ ಪೊಟ್ಟಣ ಬಿಚ್ಚುವುದು ಹೇಗೆ? ನೀರಿಗೆ ಹಾಕಿದರೆ ಅಂಟು ಬಿಡುತ್ತದೆ, ಜೊತೆಗೆ ಶಾಯಿಯೂ ಬಿಡುತ್ತದೆ. ಎಳೆದರೆ ಹಾಳೆ ಹರಿಯುತ್ತದೆ. ಹುಣಸೆಬೀಜದ ಅಂಟಿನ ಗುಣ ಬಲ್ಲ ಜಹೀರಾಬೀ ಡಬರಿಯಲ್ಲಿ ನೀರು ಕುದಿಸಿ, ಬಾಯಿಗೆ ತೆಳು ಬಟ್ಟೆ ಕಟ್ಟಿ, ಬರೀ ಅಂಟಿನ ಅಂಚನ್ನು ಮಾತ್ರ ಹಬೆಗೆ ಹಿಡಿದರು. ಹತ್ತು ಎಣಿಸುವಷ್ಟರಲ್ಲಿ ಅಂಚು ಸಡಿಲ. ನಾಲ್ಕು ಬೆಳಗು ಇದೇ ಕೆಲಸ. ಆ ನಾಲ್ಕು ದಿನ ಅವರ ಕೈಯಿಂದ ಒಂದೂ ಹೊಸ ಪೊಟ್ಟಣ ಹೊರಬೀಳಲಿಲ್ಲ. ಮುನಿಕೃಷ್ಣಮ್ಮ ಬಿಚ್ಚಿದ ಹಾಳೆಗಳನ್ನು ಸೀರೆಯ ಮಡಿಕೆಯಲ್ಲಿಟ್ಟು ನೀವಿದರು. ಭೂಗೋಳಕ್ಕೆ ಮೆಣಸಿನಪುಡಿಯ ಘಾಟು ಹತ್ತಿತ್ತು, ನದಿಗಳ ಹೆಸರು ಓದುವಾಗೆಲ್ಲ ಹುಡುಗಿಗೆ ಸೀನು. ಅಷ್ಟು ದುಃಖದಲ್ಲೂ ಮೂವರೂ ನಕ್ಕದ್ದು ಆಗಲೇ ಮೊದಲು.

ಎಣಿಸಿದಾಗ ನೂರ ತೊಂಬತ್ತೇಳು ಹಾಳೆ ಸಿಕ್ಕಿತ್ತು. ಹದಿನೇಳು ಹೋಗಿಯೇಬಿಟ್ಟಿತ್ತು, ಬಹುಪಾಲು ಸಂವಿಧಾನದವು. ಹುಡುಗಿ ತಲೆ ಮೇಲೆ ಕೈ ಹೊತ್ತು ಕೂತಳು. ಜಹೀರಾಬೀ ಅಂಟಿನ ಕುಡಿಕೆಗೆ ಕೈ ಹಾಕುತ್ತ, "ಅದ್ರಲ್ಲಿ ಏನಿತ್ತು, ನನ್ಗೆ ಹೇಳು" ಎಂದರು.

"ನಿಮ್ಗೆ ಹೇಳಿ ಏನ್ ಪ್ರಯೋಜ್ನ ಬೀಬಮ್ಮ?"

"ನನ್ಗೆ ಅರ್ಥ ಆಗೋ ಹಂಗೆ ಹೇಳಿದ್ರೆ, ಪರೀಕ್ಷೆ ಸಾಹೇಬ್ರಿಗೂ ಅರ್ಥ ಆಗತ್ತೆ."

ಅಂದಿನಿಂದ ಪರೀಕ್ಷೆಯ ಹಿಂದಿನ ದಿನದವರೆಗೂ ರಾಮಲಕ್ಷ್ಮಮ್ಮ ಶಾಲೆಗೆ ಮುಂಚೆ ಈ ಜಗಲಿಗೆ ಬಂದು ಕಳೆದುಹೋದ ಹಾಳೆಗಳನ್ನು ಒಂದೊಂದಾಗಿ ಬಾಯಿಮಾತಿನಲ್ಲಿ ಹೇಳಿದಳು. ಜಹೀರಾಬೀ ಅಂಟಿಸುತ್ತ ಕೇಳಿದರು. ಸುಮ್ಮನೆ ಕೇಳಲಿಲ್ಲ, ಅಡ್ಡ ಪ್ರಶ್ನೆ ಹಾಕಿದರು. ಆ ವಿದ್ಯೆ ಇನ್ನೂ ಮರೆತಿಲ್ಲ. "ರಾಜ್ಯಸಭೆ ಯಾವತ್ತೂ ಪೂರ್ತಿ ಖಾಲಿ ಆಗಲ್ಲ, ಗೊತ್ತಾ ನಿಮ್ಗೆ? ಎರಡು ವರ್ಷಕ್ಕೊಂದ್ಸಲ ಮೂರ್ನೇ ಒಂದು ಪಾಲು ಜನ ಎದ್ದೋಗ್ತಾರೆ, ಮಿಕ್ಕೋರು ಕೂತಿರ್ತಾರೆ" ಎಂದು ಬಂದವರನ್ನೇ ಪರೀಕ್ಷೆಗೆ ಒಡ್ಡುತ್ತಾರೆ. ಓದು ಬಲ್ಲವರು ತಡವರಿಸಿದರೆ ಅವರಿಗೆ ಬಹಳ ಖುಷಿ.

ಜಗಲಿಯ ಕಂಬಕ್ಕೆ ಈಗ ಒಂದು ತಂತಿಯ ಕೊಕ್ಕೆ ಇದೆ. ಕೈಬರಹದ ಯಾವ ಹಾಳೆ ಬಂದರೂ ಮೊದಲು ಅದಕ್ಕೆ ಚುಚ್ಚಿ ಒಂದು ತಿಂಗಳು ಬಿಡುತ್ತಾರೆ. ಪತ್ರವೋ, ಸಾಲದ ಚೀಟಿಯೋ, ಮಗುವಿನ ಕಾಪಿಯೋ, ಅವರಿಗೆ ತಿಳಿಯದು. "ಯಾರ್ದೋ ಏನೋ. ಹುಡ್ಕೊಂಡು ಬರೋರು ಬರ್ಲಿ." ಒಂದು ವರ್ಷದಲ್ಲಿ ಹುಡುಕಿಕೊಂಡು ಬಂದವರು ನಾಲ್ಕು ಜನ. ಒಬ್ಬಾಕೆ ತವರಿನಿಂದ ಬಂದ ಕಾಗದವೊಂದನ್ನು ಕೊಕ್ಕೆಯಿಂದ ಬಿಡಿಸಿ ಎದೆಗೆ ಒತ್ತಿಕೊಂಡು ಹೋದಳಂತೆ.

ಬರಹದ ಪರೀಕ್ಷೆ ಮುಗಿಯಿತು, ಸಂದರ್ಶನವೂ ಮುಗಿಯಿತು. ತಿಂಗಳುಗಟ್ಟಲೆ ಏನೂ ಸುದ್ದಿ ಇಲ್ಲ. ಹೋದ ತಿಂಗಳು ಒಂದು ಬೆಳಿಗ್ಗೆ ಓಣಿಯಲ್ಲಿ ಯಾರೋ ಓಡಿ ಬಂದ ಸದ್ದು. ಪೇಪರು ಶೆಟ್ಟಿಹಳ್ಳಿ ಮುಟ್ಟುವುದು ಹೊತ್ತೇರಿದ ಮೇಲೆ. ಫಲಿತಾಂಶ ಇವತ್ತು ಎಂದು ತಿಳಿದ ರಾಮಲಕ್ಷ್ಮಮ್ಮ ನಸುಕಿನಲ್ಲೇ ನಡೆದು ಬಂದು ರೈಲು ನಿಲ್ದಾಣದಲ್ಲಿ ಕಟ್ಟು ಬಿಚ್ಚುವುದನ್ನೇ ಕಾದು ಒಂದು ಪ್ರತಿ ಕೊಂಡಿದ್ದಳು. ಜಗಲಿಯ ಮೇಲೆ ಅದನ್ನು ಹರಡಿ, ಆಯ್ಕೆಯಾದವರ ಸಣ್ಣ ಅಕ್ಷರದ ಅಂಕಿಗಳ ನಡುವೆ ತನ್ನ ಸಂಖ್ಯೆಯ ಮೇಲೆ ಬೆರಳಿಟ್ಟಳು.

"ಅವ್ವಂಗೂ ಇನ್ನೂ ಹೇಳಿಲ್ಲ ಬೀಬಮ್ಮ" ಎಂದಳು.

ಇಬ್ಬರೂ ಎಷ್ಟು ಹೊತ್ತು ಅತ್ತರು ಎಂಬುದನ್ನು ಜಹೀರಾಬೀ ಹೇಳುವುದಿಲ್ಲ. ಪೇಪರಿನ ಮಾತು ಹೇಳುತ್ತಾರೆ. "ನಮ್ಮನೇಗೆ ಪೇಪರ್ ಬರೋದೇ ಹಳೇದಾದ್ಮೇಲೆ. ಅವತ್ತಿಂದು ಅವತ್ತೇ ಬಂದಿದ್ದು ಅದೊಂದೇ. ಮುಟ್ಟಿದ್ರೆ ಕೈಗೆ ಮಸಿ ಅಂಟ್ಕೊಳ್ತಿತ್ತು." ಆ ಪ್ರತಿ ಈಗ ಒಳಮನೆಯ ಟ್ರಂಕಿನಲ್ಲಿ, ಮೊಯಿನುದ್ದೀನ್ ಅವರ ಟೋಪಿಯ ಜೊತೆಗಿದೆ. ತೆಗೆದು ತೋರಿಸುವಾಗ ಅವರ ಸವೆದ ಬೆರಳು ತಡಕಾಡದೆ ಮೂರನೆಯ ಸಾಲಿನ ಆ ಅಂಕಿಯ ಮೇಲೇ ಹೋಗಿ ನಿಲ್ಲುತ್ತದೆ.

ರಾಮಲಕ್ಷ್ಮಮ್ಮ ಬರುವ ವಾರ ತರಬೇತಿಗೆ ಹೊರಡುತ್ತಾಳೆ. ಅಧಿಕಾರಿಯಾಗುವ ಹುಡುಗಿಯಿಂದ ನಿಮಗೇನು ಬೇಕು ಎಂದು ಕೇಳಿದರೆ ಜಹೀರಾಬೀ ನಾಲ್ಕು ಪೊಟ್ಟಣ ಅಂಟಿಸಿ ಬದಿಗಿಡುತ್ತಾರೆ.

"ಸರ್ಕಾರದ ಕಾಗ್ದಾನೂ ಒಂದಿನ ರದ್ದಿಗೆ ಬರತ್ತೆ ಅಲ್ವಾ. ಎಷ್ಟು ವರ್ಷ ಆದ್ರೂ ಬರತ್ತೆ. ಅದ್ರಲ್ಲಿ ಯಾವ್ದಾದ್ರೂ ಒಂದ್ರ ಕೆಳಗೆ ಇವಳ ರುಜು ಇರತ್ತೆ. ನನ್ಗೆ ಓದಕ್ಕೆ ಬರಲ್ಲ, ಆದ್ರೆ ಆ ಎಡಕ್ಕೆ ವಾಲೋದು, ಆ ಬಾಲ, ನನ್ ಕೈಗೆ ಸಿಕ್ರೆ ಗೊತ್ತಾಗತ್ತೆ. ಅಲ್ಲೀವರ್ಗೂ ಕಣ್ಣು ಚೆನ್ನಾಗಿದ್ರೆ ಸಾಕು. ಈ ಸಲ ಕೈ ನಿಂತ್ರೆ, ನಾನೂ ನಿಲ್ತೀನಿ."