ಊದಬೇಡ ದೊಡ್ಡವ್ವ, ಎಳ್ಕೊ

ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ ಅಷ್ಟು ವರ್ಷ ಇಂಗ್ಲಿಷ್ ಪಾಠ ಹೇಳಿದ ನನಗೆ 'ಇನ್‌ಹೇಲ್' ಎಂಬ ಪದದ ಅರ್ಥ ಹೇಳಲು ಬರುವುದಿಲ್ಲ ಎಂದು ಗೊತ್ತಾದದ್ದು ಹರದನಹಳ್ಳಿಯ ದೊಡ್ಡವ್ವನ ಜಗಲಿಯ ಮೇಲೆ. ಬೋರ್ಡಿನಲ್ಲಿ 'ಉಸಿರು ಒಳಗೆಳೆದುಕೋ' ಎಂದು ಬರೆದರೆ ಮಕ್ಕಳು ಬರೆದುಕೊಂಡು ಪಾಸಾಗುತ್ತಿದ್ದರು. ದೊಡ್ಡವ್ವ ಮಾತ್ರ ಫೇಲಾದಳು.

ಅವಳಿಗೆ ಉಬ್ಬಸ. ಚಾಮರಾಜನಗರದ ಡಾಕ್ಟರು ಪುಡಿ ಎಳೆದುಕೊಳ್ಳುವ ಇನ್‌ಹೇಲರ್ ಕೊಟ್ಟಿದ್ದರು. ಇವಳು ಅಲ್ಲಿ ಎಲ್ಲದಕ್ಕೂ ತಲೆಯಾಡಿಸಿ ಬಂದಿದ್ದಳು. ನಾನು ಗತ್ತಿನಿಂದ ಅರ್ಥ ವಿವರಿಸಿ ಅದನ್ನು ಅವಳ ಬಾಯಿಗಿಟ್ಟೆ. ದೊಡ್ಡವ್ವ ಕೆನ್ನೆ ಉಬ್ಬಿಸಿ 'ಉಫ್' ಎಂದು ಊದಿದಳು. ಔಷಧವೆಲ್ಲ ನನ್ನ ಕನ್ನಡಕದ ಮೇಲೆ! ಊದುಗೊಳವೆ ಹಿಡಿದು ಒಲೆ ಊದಿಕೊಂಡೇ ಬದುಕಿದ ಬಾಯಿ, ಕೊಳವೆ ಕಂಡರೆ ಸುಮ್ಮನಿದ್ದೀತೇ?

"ಎಳ್ಕೊ ಅಂದ್ರೆ ಊದ್ತೀಯಲ್ಲ ದೊಡ್ಡವ್ವ!"

"ಸುಮ್ಕಿರ್ಲಾ. ಮಾದೇವಿ ಅರಿಶಿನದ ಸಾಸ್ತ್ರಕ್ಕೆ ನಾ ಪದ ಏಳ್ಬೇಕು ಕಣ್ಲಾ. ಒಂದ್ ಸಾಲ್ಗೇ ಉಸ್ರು ನಿಂತೋಯ್ತದೆ," ಎಂದವಳ ಕಣ್ಣು ತುಂಬಿತು. ಮಾದೇವಿ ಅವಳು ಎತ್ತಿ ಆಡಿಸಿದ ಮೊಮ್ಮಗಳು; ಮದುವೆ ಮುಂದಿನ ತಿಂಗಳಿತ್ತು. ನನಗೂ ಸಂಕಟವಾಯಿತು.

ತಪ್ಪು ಅವಳೊಬ್ಬಳದೇ ಅಲ್ಲ ಅನ್ನಿ. ನಮ್ಮ ಮಾತಿನಲ್ಲಿ ಉಸಿರು ಎಂದರೆ ಹೆಚ್ಚಾಗಿ ಬಿಡುವುದೇ. ನಿಟ್ಟುಸಿರು ಬಿಡುತ್ತೇವೆ, ಗುಟ್ಟಿದ್ದರೆ 'ಉಸಿರು ಬಿಡಬೇಡ' ಎನ್ನುತ್ತೇವೆ, ಹೊರಟ ಬಸ್ಸು ಸಿಕ್ಕರೆ ಅಬ್ಬಾ ಎಂದು ಇನ್ನೊಂದು ಸಲ ಬಿಡುತ್ತೇವೆ. ಒಳಗೆ ಬಂದದ್ದರ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ಇಂಗ್ಲಿಷಿನವರೋ, ಗಬಗಬ ತಿಂದವನನ್ನೂ 'ಊಟ ಇನ್‌ಹೇಲ್ ಮಾಡಿದ' ಎಂದು ಆಡಿಕೊಳ್ಳುತ್ತಾರೆ.

ಆ ದಿನ ನನ್ನನ್ನು ಕಾಪಾಡಿದ್ದೂ ಊಟವೇ. ದೊಡ್ಡವ್ವ ಮುದ್ದೆ ಮುಗಿಸಿ, ಉಳಿದ ಬಿಸಿ ಹುರುಳಿ ಸಾರನ್ನು ತಟ್ಟೆಯೆತ್ತಿ 'ಸೊರ್' ಎಂದು ಎಳೆದಳು. ಪಕ್ಕದ ಮನೆಗೂ ಕೇಳಿಸಿರಬೇಕು. ನಾನು ಮುದ್ದೆ ಬಿಟ್ಟು ಕೂಗಿದೆ: "ಅದೇ ದೊಡ್ಡವ್ವ, ಅದೇ! ಸಾರು ಎಳ್ದಂಗೆ ಎಳಿ!"

"ಅಷ್ಟೇಯಾ? ಮೊದ್ಲೇ ಏಳ್ಬಾರ್ದಾ? ಮೇಷ್ಟ್ರಂತೆ ಮೇಷ್ಟ್ರು!"

ಕೈ ತೊಳೆದು, ಬಾಯಿ ಮುಕ್ಕಳಿಸಿ ಕೂತಳು. ನಾನು ಇನ್‌ಹೇಲರಿಗೆ ಹೊಸ ಪುಡಿ ಹಾಕಿಕೊಟ್ಟೆ, ಎಳೆದಳು. ಪುಡಿ ಪೂರ್ತಿ ಒಳಗೆ ಹೋಯಿತು. ಆಮೇಲೆ ದಿನವೂ ಹಾಗೆಯೇ ಎಳೆದಳು.

ಅರಿಶಿನದ ದಿನ ದೊಡ್ಡವ್ವ ಪದ ಶುರು ಮಾಡಿದಳು. ಮೊದಲ ಸಾಲು ಮುಗಿಯಿತು. ಸದ್ದಿಲ್ಲ. ಅಯ್ಯೋ, ನಿಂತೇ ಹೋಯಿತಲ್ಲ ಎಂದುಕೊಳ್ಳುವಷ್ಟರಲ್ಲಿ 'ಸೊರ್' ಎಂದು ಉಸಿರೆಳೆದದ್ದು ಕೇಳಿಸಿತು. ಹೆಂಗಸರು ಗೊಳ್ಳೆಂದರು, ಮಾದೇವಿ ಹಳದಿ ಮುಖದಲ್ಲೇ ನಕ್ಕಳು. ದೊಡ್ಡವ್ವ ಯಾರನ್ನೂ ಲೆಕ್ಕಿಸದೆ ಎರಡನೆಯ ಸಾಲು ಎತ್ತಿದಳು.

ಆಗ ನಾನು ಉಸಿರು ಬಿಟ್ಟೆ. ನೋಡಿ, ನಾನೂ ಬಿಟ್ಟದ್ದನ್ನೇ ಹೇಳಿದೆ.