ಅಳಿಸುವ ಮುನ್ನ ಓದಿಸುತ್ತಿದ್ದವರು

ಎಂಬತ್ತರ ದಶಕದಲ್ಲಿ ವಡೋದರೆಯ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಧಾರವಾಡದ ಆಪರೇಟರೊಬ್ಬರು ಒಂದೇ ಕಂಪ್ಯೂಟರಿನಲ್ಲಿ ಎರಡು ಆಪರೇಟಿಂಗ್ ಸಿಸ್ಟಮ್ ನಡೆಸುತ್ತಿದ್ದರು. ಹಳೆಯದರಲ್ಲಿ ಕಾರ್ಮಿಕರ ರಕ್ತಪರೀಕ್ಷೆಯ ದಾಖಲೆಗಳಿದ್ದವು. ಏನನ್ನಾದರೂ ಅಳಿಸುವ ಮುನ್ನ ಪರದೆಯ ಮೇಲೆ ‘ಎಲ್ಲ ಅಳಿಯುತ್ತದೆ, ಸರಿಯೇ?’ ಎಂಬ ಎಚ್ಚರಿಕೆ ಮೂಡುತ್ತಿತ್ತು. ಆಗ ಅವರು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು, “ಪರದೆ ಮ್ಯಾಲಿಂದು ಗಟ್ಟಿಯಾಗಿ ಓದ್ರಿ, ಆಮ್ಯಾಲೆ ಒತ್ತತೇನಿ,” ಎಂದು ಅಳಿಸಲು ಹೇಳಿದವರಿಂದಲೇ ಓದಿಸುತ್ತಿದ್ದರು.

ಕಾರ್ಖಾನೆಯಲ್ಲಾಗಿದ್ದ ಅನಿಲ ಸೋರಿಕೆಯ ತನಿಖೆಯ ಹಿಂದಿನ ದಿನ ಮೈಸೂರು ಕಡೆಯ ಮ್ಯಾನೇಜರು ಬಂದು, ಹಳೆಯ ಸಿಸ್ಟಮನ್ನು ಅಳಿಸುವಂತೆ ಆಜ್ಞಾಪಿಸಿದರು. ಆ ದಾಖಲೆಗಳಿಗೆ ಬೇರೆ ಪ್ರತಿ ಇರಲಿಲ್ಲ.

“ಓದ್ರಿ, ಸಾಹೇಬ್ರ,” ಎಂದರು ಆಪರೇಟರು, ಬೆರಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ.

“ಇದೇನು ಸಂಧ್ಯಾವಂದನೆಯೇನಯ್ಯಾ? ಕಂಪನಿ ಕ್ವಾರ್ಟರ್ಸಲ್ಲಿ ನಿನ್ನ ಹೆಂಡತಿ ಮಕ್ಕಳು ಇರಬೇಕೋ ಬೇಡ್ವೋ? ಒತ್ತು.”

ಆಪರೇಟರು ನನ್ನತ್ತ ತಿರುಗಿದರು. ಅಲ್ಲೇ ಟ್ರೇನಿಯಾಗಿದ್ದ ನಾನೂ ಓದಲಿಲ್ಲ. ಅವರು ಒತ್ತಿದರು.

ದಾಖಲೆಗಳು ಅಳಿದದ್ದು ಆಪರೇಟರ ಅಜಾಗರೂಕತೆಯಿಂದ ಎಂದಿತು ತನಿಖಾ ವರದಿ. ಆ ಕೋಣೆಯಲ್ಲಿದ್ದವರು ಮೂವರು. ಉಳಿದಿಬ್ಬರನ್ನು ಇಂದಿಗೂ ಯಾರೂ ಕರೆದು ಕೇಳಿಲ್ಲ.